ಎದುರು ಮನೆಯ ಅಕ್ಕ, ಫೋಕಸ್ ಆಗದ ಕ್ಯಾಮೆರಾ

ಹೋದ ವಾರ ನಮ್ಮ ಕ್ಲಿನಿಕ್ಕಿಗೆ ಹಲ್ಲು ತೋರಿಸಲು ಬಂದ ಹೆಂಗಸೊಬ್ಬರ ಅಬಾಯದ, ಆ ಕಪ್ಪು ನಿಲುವಂಗಿಯ, ತೋಳಿನ ಮೇಲೆ ಒಂದು ಚಾಕ್ ಗೆರೆ ಉಳಿದಿತ್ತು. ಹೊಸ ಬಟ್ಟೆ. ಹೊಲಿದವರು ಗುರುತು ಹಾಕಿ ಒರೆಸಲು ಮರೆತಿರಬೇಕು. ಫಾರ್ಮಿಗೆ ಸಹಿ ಹಾಕಲು ಅವರು ಕೌಂಟರಿನ ಮೇಲೆ ಕೈಯಿಟ್ಟಾಗ, ನಾನು ಏನೂ ಯೋಚಿಸದೆ ಬೆರಳಿನಿಂದ ಆ ಗೆರೆಯನ್ನು ಒರೆಸಿಬಿಟ್ಟೆ. ಅವರು ತಲೆಯೆತ್ತಿ ನೋಡಿದರು. "ಚಾಕ್" ಎಂದೆ. "ಶುಕ್ರನ್" ಎಂದು ಅರಬಿಯಲ್ಲಿ ಥ್ಯಾಂಕ್ಸ್ ಹೇಳಿ, ಸಹಿ ಹಾಕಿ ಹೋಗಿ ಕುಳಿತರು. ಕಪ್ಪು ಬಟ್ಟೆಯ ಮೇಲೆ ಅಂಥ ಗೆರೆಗಳನ್ನು ನಾನು ಒಂದು ಕಾಲದಲ್ಲಿ ದಿನಾ ನೋಡುತ್ತಿದ್ದೆ...

ಆಗ ನಾವು ಇಲ್ಲೇ ಬಹರೈನಿನ ಅದ್ಲಿಯಾದ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದೆವು. ಒಂಬತ್ತು ವರ್ಷ ಆಯಿತು. ಮಹಡಿಗೆ ನಾಲ್ಕು ಮನೆ. ನಮ್ಮ ಬಾಗಿಲಿಗೆ ಸರಿಯಾಗಿ ಎದುರು ಉಳ್ಳಾಲ ಕಡೆಯ ಬ್ಯಾರಿ ಕುಟುಂಬ, ಗಂಡ ಹೆಂಡತಿ ಇಬ್ಬರೇ. ಗಂಡ ಒಂದು ಕಂಪೆನಿಯಲ್ಲಿ ಡ್ರೈವರ್. ಹೆಂಡತಿ ಮನೆಯಲ್ಲೇ ಅಬಾಯ ಹೊಲಿಯುತ್ತಿದ್ದರು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ. ಲಿಫ್ಟಿನಲ್ಲಿ ಸಿಕ್ಕಿದರೆ ನಗುವಷ್ಟು ಪರಿಚಯ, ಮೊದಮೊದಲು.

ಆ ವರ್ಷ, ಬಸಿರಿನ ಏಳನೆಯ ತಿಂಗಳಲ್ಲಿ, ನನ್ನ ಮಗು ಹೊಟ್ಟೆಯಲ್ಲೇ ತೀರಿಹೋಯಿತು. ಹೆಣ್ಣು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಕೆಲಸಕ್ಕೆ ಹೋಗಲಿಲ್ಲ. ಊರಿಗೂ ಹೋಗಲಿಲ್ಲ. ಊರಿಗೆ ಹೋದರೆ ಬಂದವರಿಗೆಲ್ಲ ಹೇಳಬೇಕು. ಗಂಡ ಬೆಳಿಗ್ಗೆ ಐದಕ್ಕೆ ಅಸ್ಕರ್ ಕಡೆಯ ಪ್ಲಾಂಟಿನ ಬಸ್ಸು ಹಿಡಿದು ಹೋದರೆ ಬರುವುದು ಸಂಜೆ. ಅಷ್ಟು ಹೊತ್ತೂ ನಾನು ಸೋಫಾದ ಮೇಲೆ ಇರುತ್ತಿದ್ದೆ. ಅಳುತ್ತಿದ್ದೆ ಎಂದುಕೊಳ್ಳಬೇಡಿ. ಸುಮ್ಮನೆ ಇರುತ್ತಿದ್ದೆ. ಎಸಿಯ ಸದ್ದು ನಿಂತರೆ ನಿಂತಿತು ಎಂದು ಗೊತ್ತಾಗುತ್ತಿತ್ತು, ಅಷ್ಟೆ.

ಪರಿಚಯದ ಹೆಂಗಸರು ಬಂದು ಹೋದರು. ಇನ್ನೂ ವಯಸ್ಸುಂಟು, ದೇವರು ಕೊಡ್ತಾನೆ ಎಂದರು. ಹಣ್ಣು ತಂದಿಟ್ಟರು. ಎದುರು ಮನೆಯ ಅಕ್ಕ ಬರಲಿಲ್ಲ.

ಬಂದದ್ದು ಒಂದೂವರೆ ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ. ಎರಡು ಅಬಾಯಗಳನ್ನು ಮಡಿಕೆ ಬೀಳದ ಹಾಗೆ ತೋಳಿನ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನಿಮ್ಮಲ್ಲಿ ದೊಡ್ಡ ಕ್ಯಾಮೆರಾ ಉಂಟಂತೆ. ನಮ್ಮವರು ಹೇಳಿದ್ರು. ಇದರದ್ದೊಂದು ಫೋಟೋ ತೆಗೆದು ಕೊಡ್ತೀಯಾ? ಮೊಬೈಲಲ್ಲಿ ತೆಗೆದ್ರೆ ಕರಿ ಗೋಣಿ ನೇತು ಹಾಕಿದ ಹಾಗೆ ಕಾಣ್ತದೆ."

ಕ್ಯಾಮೆರಾ ಇತ್ತು. ಬಹರೈನ್ ಬಿಟ್ಟು ಹೊರಟಿದ್ದ ಯಾರಿಂದಲೋ ನನ್ನ ಗಂಡ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಮಗು ಹುಟ್ಟಿದ ದಿನದಿಂದಲೇ ಫೋಟೋ ತೆಗೆಯಬೇಕು ಎಂದು ಅವರಿಗೆ ಆಸೆ. ಅದು ಕಪಾಟಿನ ಮೇಲಿನ ಹಲಗೆಯಲ್ಲಿತ್ತು. ಅದರ ಪಕ್ಕದಲ್ಲಿದ್ದ ಚಿಕ್ಕ ಬಟ್ಟೆಗಳನ್ನು ಯಾರೋ ತೆಗೆದಿದ್ದರು, ಕ್ಯಾಮೆರಾ ತೆಗೆಯಲು ಯಾರಿಗೂ ತೋಚಿರಲಿಲ್ಲ.

ಇಲ್ಲ ಎನ್ನಬೇಕೆಂದಿದ್ದೆ. ಇಲ್ಲ ಎನ್ನುವುದಕ್ಕೂ ನಾಲ್ಕು ಮಾತು ಬೇಕು. ಕುರ್ಚಿ ಹಾಕಿ ಇಳಿಸಿ ತಂದೆ.

ಅಕ್ಕ ಮಲಗುವ ಕೋಣೆಯ ಬಾಗಿಲಿನ ಕೊಕ್ಕೆಗೆ ಅಬಾಯ ತೂಗು ಹಾಕಿದರು. ನಾನು ಗುಂಡಿಯನ್ನು ಅರ್ಧ ಒತ್ತಿದೆ. ಲೆನ್ಸು ಕಿರ್ ಎಂದು ಮುಂದೆ ಹೋಯಿತು, ಕಿರ್ ಎಂದು ಹಿಂದೆ ಬಂತು. ಮತ್ತೆ ಮುಂದೆ. ಎಲ್ಲಿಯೂ ನಿಲ್ಲಲಿಲ್ಲ. ಪೂರ್ತಿ ಒತ್ತಿದರೆ ಫೋಟೋವೇ ಬೀಳಲಿಲ್ಲ. ನಾಲ್ಕು ಸಲ ಹಾಗೇ ಆಯಿತು.

"ಹಾಳಾಗಿದೆ ಅಕ್ಕ. ಇವರಿಗೆ ಯಾರೋ ಮೋಸ ಮಾಡಿದ್ದಾರೆ" ಎಂದೆ.

"ಹಾಳಾದದ್ದು ಹೀಗೆ ತಿರುಗುದಿಲ್ಲ ಮಾರಾಯ್ತಿ. ಅದು ಎಂತದೋ ಹುಡುಕ್ತಾ ಉಂಟು, ಸಿಗ್ತಾ ಇಲ್ಲ" ಎಂದರು. ಆಮೇಲೆ ಅಬಾಯ ತೆಗೆದು ತೋಳಿಗೆ ಹಾಕಿಕೊಂಡು, "ನಾಳೆ ನೋಡುವ" ಎಂದು ಹೋದರು.

ಮರುದಿನ ನಾಲ್ಕಕ್ಕೆ ಮತ್ತೆ ಬಂದರು. ಹೊಲಿಗೆ ಮೆಷಿನು ಕೈಕೊಟ್ಟರೆ ಅವರದ್ದೊಂದು ಕ್ರಮವಿತ್ತಂತೆ: ಮೊದಲು ದೂಳು ತೆಗೆಯುವುದು, ಆಮೇಲೆ ಸೂಜಿ ಬದಲಿಸುವುದು, ಆಮೇಲೆ ನೂಲು ನೋಡುವುದು, ಕೊನೆಗೆ ಮೆಷಿನಿಗೆ ಬೈಯುವುದು. ಕ್ಯಾಮೆರಾಕ್ಕೂ ಅದನ್ನೇ ಮಾಡಿಸಿದರು. ಲೆನ್ಸಿನ ಪಕ್ಕದ ಚಿಕ್ಕ ಸ್ವಿಚ್ಚು ಆಟೋ ಕಡೆಗೇ ಇತ್ತು. ಲೆನ್ಸು ಬಿಚ್ಚಿದೆವು. ಅದರ ಹಿಂಬದಿಯ ಚಿನ್ನದ ಬಣ್ಣದ ಚುಕ್ಕೆಗಳನ್ನು ಅಕ್ಕ ಒಂದು ಮೆತ್ತಗಿನ ಬಟ್ಟೆಯ ಚೂರಿನಿಂದ, ಮಗುವಿನ ಕಿವಿ ಒರೆಸಿದ ಹಾಗೆ, ಒರೆಸಿದರು. ಬ್ಯಾಟರಿ ತುಂಬಿಸಿದೆವು. ಏನೂ ಪ್ರಯೋಜನವಾಗಲಿಲ್ಲ. ಅದು ಮೊದಲಿನಂತೆ ಕಿರ್ ಕಿರ್ ಎಂದಿತು.

ಮೂರನೆಯ ದಿನ, ಹತ್ತಿರ ಹೆಚ್ಚಾಯಿತೇನೋ ಎಂದು ನಾನು ಗೋಡೆಯವರೆಗೂ ಹಿಂದೆ ಸರಿದು ನೋಡಿದೆ. ಆಗಲಿಲ್ಲ. ಬೇಸರ ಬಂದು ಕ್ಯಾಮೆರಾವನ್ನು ಕಿಟಕಿಯ ಕಡೆ ತಿರುಗಿಸಿ ಒತ್ತಿದೆ. ಎದುರಿನ ಕಟ್ಟಡದ ಡಿಷ್ ಆಂಟೆನಾ ತಟ್ಟನೆ ಹಿಡಿಯಿತು. ಪೀಪ್ ಎಂದಿತು. ಪರದೆಯ ಹೂವಿಗೆ ಹಿಡಿದೆ, ಪೀಪ್. ಗೋಡೆಯ ಕ್ಯಾಲೆಂಡರಿಗೆ, ಪೀಪ್. ಬಾಗಿಲಲ್ಲಿದ್ದ ಅಬಾಯಕ್ಕೆ ತಿರುಗಿಸಿದರೆ ಮತ್ತೆ ಅದೇ ಹುಡುಕಾಟ.

ಅಕ್ಕ ಸ್ವಲ್ಪ ಹೊತ್ತು ನೋಡಿದರು. "ನನ್ನ ಕಣ್ಣಿಗೂ ಹೀಗೇ ಆಗ್ತದೆ" ಎಂದರು. "ಕರಿ ಬಟ್ಟೆಯಲ್ಲಿ ಕರಿ ನೂಲು. ಎಲ್ಲಿ ನೋಡಿದ್ರೂ ಒಂದೇ, ಕಣ್ಣು ನಿಲ್ಲುದಿಲ್ಲ. ಹಾಗಾದ್ರೆ ನಾನು ಒಂದು ಗೆರೆ ಹಾಕ್ತೇನೆ." ಅಂಗಿಯ ಕುತ್ತಿಗೆಪಟ್ಟಿಗೆ ಸಿಕ್ಕಿಸಿಕೊಂಡಿದ್ದ ಚಪ್ಪಟೆ ಚಾಕನ್ನು ತೆಗೆದು ಅಬಾಯದ ಎದೆಯ ಮೇಲೆ ಬೆರಳುದ್ದದ ಗೆರೆ ಎಳೆದರು.

ಪೀಪ್ ಎಂದಿತು.

ಆಮೇಲೆ ನಮಗೆ ಅದೇ ಅಭ್ಯಾಸವಾಯಿತು. ಅಕ್ಕ ಗೆರೆ ಎಳೆಯುತ್ತಿದ್ದರು. ನಾನು ಗುಂಡಿಯನ್ನು ಅರ್ಧ ಒತ್ತಿ ಹಿಡಿಯುತ್ತಿದ್ದೆ. "ಹಿಡಿ, ಬಿಡ್ಬೇಡ" ಎನ್ನುತ್ತಾ ಅವರು ಹೋಗಿ ಅಂಗೈಯಿಂದ ಗೆರೆ ಒರೆಸಿ, ಬದಿಗೆ ಸರಿದು, "ಹ್ಞಾಂ" ಎನ್ನುತ್ತಿದ್ದರು. ಆಗ ನಾನು ಪೂರ್ತಿ ಒತ್ತುತ್ತಿದ್ದೆ. ಬೆರಳು ಸ್ವಲ್ಪ ಸಡಿಲವಾದರೆ ಮತ್ತೆ ಮೊದಲಿನಿಂದ. ಒಂದು ಅಬಾಯಕ್ಕೆ ಅರ್ಧ ಗಂಟೆ ಹೋಗುತ್ತಿತ್ತು. ಕಿಟಕಿಯ ಬೆಳಕು ಹಳದಿಗೆ ತಿರುಗುವವರೆಗೆ ಕೆಲಸ. ಆಮೇಲೆ ಚಹಾ. ಆಮೇಲೆ ಅವರು ಹೋಗುತ್ತಿದ್ದರು.

ಖುಷಿಯಾಗುತ್ತಿತ್ತು ಎಂದರೆ ಸುಳ್ಳಾದೀತು. ದಿನಕ್ಕೊಂದು ನಾಲ್ಕು ಗಂಟೆ ಬರತೊಡಗಿತ್ತು, ಅಷ್ಟೆ. ಅದಕ್ಕೆ ಮೊದಲು ಮುಖ ತೊಳೆಯಬೇಕಿತ್ತು. ನೈಟಿ ಬದಲಿಸಬೇಕಿತ್ತು. ಹಾಲು ಉಂಟಾ ಎಂದು ನೋಡಬೇಕಿತ್ತು.

ಕ್ಯಾಮೆರಾದ ತೊಂದರೆ ಅಲ್ಲಿಗೂ ಮುಗಿದಿರಲಿಲ್ಲ. ಚಳಿಗಾಲದಲ್ಲಿ ಅಕ್ಕನಿಗೆ ಮಣಿ ಕೆಲಸದ ತೋಳುಗಳ ಆರ್ಡರ್ ಬಂತು. ಮಣಿಗಳನ್ನು ಹತ್ತಿರದಿಂದ ತೆಗೆದುಕೊಡು ಎಂದರು. ತೆಗೆದು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದರೆ ಮಣಿಗಳೆಲ್ಲ ಮಂಜು ಮಂಜು, ಹಿಂದಿನ ಬಾಗಿಲಿನ ಮರದ ಎಳೆ ಮಾತ್ರ ಸ್ಪಷ್ಟ. ಕೈ ಅಲುಗಿರಬೇಕೆಂದು ಮತ್ತೆ ತೆಗೆದೆ. ಹತ್ತು ಸಲ ತೆಗೆದರೂ ಬಾಗಿಲೇ ಸ್ಪಷ್ಟ. ಕ್ಯಾಮೆರಾ ಪೀಪ್ ಎನ್ನುತ್ತಿತ್ತು, ಆದರೆ ನಾನು ತೋರಿಸಿದ ಜಾಗಕ್ಕಿಂತ ಸ್ವಲ್ಪ ಹಿಂದೆ ನೋಡುತ್ತಿತ್ತು.

"ಎಷ್ಟು ಹಿಂದೆ?" ಎಂದು ಅಕ್ಕ ಕೇಳಿದರು. ಗೊತ್ತಿಲ್ಲ ಎಂದೆ. "ಅಳತೆ ತೆಗೀದೆ ಕತ್ತರಿ ಹಾಕ್ಲಿಕ್ಕೆ ಆಗ್ತದಾ?" ಎಂದು ಕೊರಳಲ್ಲಿದ್ದ ಟೇಪನ್ನು ತೆಗೆದು ಇಸ್ತ್ರಿ ಮೇಜಿನ ಮೇಲೆ ಉದ್ದಕ್ಕೆ ಹಾಸಿದರು. ನಾನು ಒಂದು ತುದಿಯಲ್ಲಿ ಓರೆಯಾಗಿ ನಿಂತು ಮೂವತ್ತರ ಗುರುತಿಗೆ ಫೋಕಸ್ ಮಾಡಿ ತೆಗೆದೆ. ಫೋಟೋದಲ್ಲಿ ಸ್ಪಷ್ಟವಾಗಿ ಬಂದದ್ದು ಮೂವತ್ತಮೂರು. ಮತ್ತೊಂದು ತೆಗೆದೆ. ಅದರಲ್ಲೂ ಮೂವತ್ತಮೂರು.

ಆ ವಾರವಿಡೀ ನಾನು ಕ್ಯಾಮೆರಾದ ಮ್ಯಾನ್ಯುಯಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಓದಿದೆ. ಮೆನುವಿನ ಒಳಗೊಂದು ಮೆನುವಿನಲ್ಲಿ ಫೋಕಸನ್ನು ಹಿಂದೆ ಮುಂದೆ ಸರಿಸುವ ಜಾಗವಿತ್ತು. ಮೈನಸ್ ಎರಡು, ಮೈನಸ್ ಐದು, ಮೈನಸ್ ಎಂಟು... ಒಂದೊಂದಕ್ಕೂ ಟೇಪಿನ ಫೋಟೋ ತೆಗೆದು ನೋಡುತ್ತಿದ್ದೆ. ಒಂದು ಸಂಜೆ ನನ್ನ ಗಂಡ ಬಾಗಿಲು ತೆರೆದು ಬಂದಾಗ ನಾನು ಟೇಪನ್ನು ನೆಲಕ್ಕೆ ಹಾಸಿಕೊಂಡು ಹೊಟ್ಟೆಯ ಮೇಲೆ ಮಲಗಿ ಕ್ಯಾಮೆರಾದಲ್ಲಿ ನೋಡುತ್ತಿದ್ದೆ. ಅವರು ಚಪ್ಪಲಿ ಬಿಚ್ಚದೆ ಅಲ್ಲೇ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಗೆ ಹೋಗಿ ಸಾರು ಬಿಸಿ ಮಾಡಿದರು.

ಮೈನಸ್ ಹನ್ನೊಂದರಲ್ಲಿ ಮೂವತ್ತು ಸ್ಪಷ್ಟವಾಗಿ ಬಂತು. ಮರುದಿನ ಅಕ್ಕನಿಗೆ ತೋರಿಸಿದೆ. ಮಣಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. "ನಾನು ಇಷ್ಟು ಚೆಂದ ಹೊಲಿತೇನೆ ಅಂತ ನನಗೇ ಗೊತ್ತಿರಲಿಲ್ಲ" ಎಂದರು. ಅವರ ಕೆಲಸಕ್ಕೆ ಅವರೇ ಕೊಟ್ಟ ಹೊಗಳಿಕೆ ಅದೊಂದೇ.

ಮಗುವಿನ ವಿಷಯ ಅಕ್ಕ ಒಂದು ದಿನವೂ ಎತ್ತಲಿಲ್ಲ. ಸಮಾಧಾನ ಹೇಳಲಿಲ್ಲ. ಬಟ್ಟೆ, ಬೆಳಕು, ಯಾವ ಗಿರಾಕಿಗೆ ಕೈ ಉದ್ದ ಬೇಕು, ಯಾವ ಅಂಗಡಿಯಲ್ಲಿ ಮೀನು ತಾಜಾ, ಇಷ್ಟೇ ಮಾತು. ಅವರ ಮನೆಯ ವಿಷಯ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಗ ನನಗೆ ಬೇರೆಯವರಿಗೂ ಒಂದು ಮನೆ ಇರುತ್ತದೆ ಎಂಬ ಯೋಚನೆಯೇ ಬರುತ್ತಿರಲಿಲ್ಲ.

ಎಂಟು ತಿಂಗಳು ಹೀಗೆ ನಡೆಯಿತು. ಆಮೇಲೆ ಅವರ ಗಂಡನ ಕೆಲಸ ಹೋಯಿತು. ವೀಸಾ ಮುಗಿಯಿತು. ಎರಡೇ ವಾರದಲ್ಲಿ ಹೊರಟರು. ಹೊರಡುವ ಹಿಂದಿನ ದಿನವೂ ಅಕ್ಕ ನಾಲ್ಕು ಗಂಟೆಗೆ ಬಂದರು, ಕೈಯಲ್ಲಿ ಬಟ್ಟೆ ಇರಲಿಲ್ಲ. "ಇವತ್ತು ಫೋಟೋ ಇಲ್ವಾ ಅಕ್ಕ?" ಎಂದೆ. "ಇಲ್ಲ. ಚಾ ಮಾಡು" ಎಂದರು. ಕುಡಿದೆವು. ಬೆಳಕು ಹೋಗುವವರೆಗೆ ಕುಳಿತಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ಕೆಲಸಕ್ಕೆ ಸೇರು ತಂಗಿ" ಎಂದರು. ಮುಂದಿನ ತಿಂಗಳು ಸೇರಿದೆ.

ಮೊದಲೆರಡು ವರ್ಷ ಹಬ್ಬಕ್ಕೆ ಮೆಸೇಜು ಹೋಗಿ ಬರುತ್ತಿತ್ತು. ಆಮೇಲೆ ನಾವು ಜುಫೈರಿಗೆ ಮನೆ ಬದಲಿಸಿದೆವು. ಸಾಮಾನು ಕಡಿಮೆ ಮಾಡುವಾಗ ಕ್ಯಾಮೆರಾ ಮಾರಿದೆ. ಕರಿ ಬಟ್ಟೆಯ ವಿಷಯವನ್ನು ಕೊಂಡವನಿಗೆ ಮೊದಲೇ ಹೇಳಿದೆ. ಅವನಿಗೆ ಹಕ್ಕಿಗಳ ಫೋಟೋ ತೆಗೆಯಬೇಕಿತ್ತಂತೆ, ತೊಂದರೆಯಿಲ್ಲ ಎಂದ. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಅಕ್ಕನ ಮೆಸೇಜು ಯಾವಾಗ ನಿಂತಿತು ಎಂಬುದನ್ನು ನಾನು ಗಮನಿಸಲೂ ಇಲ್ಲ...

ನಾಲ್ಕು ತಿಂಗಳ ಹಿಂದೆ ಕ್ಲಿನಿಕ್ಕಿನಲ್ಲಿರುವಾಗ ಊರಿನ ನಂಬರಿನಿಂದ ಫೋನ್ ಬಂತು. ಚಿಕ್ಕ ಪ್ರಾಯದ ಹುಡುಗಿಯ ಸ್ವರ.

"ಉಮ್ಮನ ಫೋನಲ್ಲಿ ಈ ನಂಬರ್ 'ಕ್ಯಾಮೆರಾ ತಂಗಿ' ಅಂತ ಉಂಟು. ಉಮ್ಮ ತೀರಿಹೋದ್ರು. ಎರಡು ತಿಂಗಳಾಯ್ತು, ಕಿಡ್ನಿ ಹೋಗಿತ್ತು. ಫೋನಲ್ಲಿ ಇರುವ ಎಲ್ಲರಿಗೂ ಹೇಳ್ತಾ ಇದ್ದೇನೆ. ನೀವು ಯಾರು ಅಂತ ಗೊತ್ತಾಗ್ಲಿಲ್ಲ ಆಂಟಿ."

ನಾನು ಯಾರೆಂದು ಹೇಳುವ ಮೊದಲು, "ನೀನು ಅವರ ಮಗಳಾ?" ಎಂದು ಕೇಳಿದೆ.

"ಹೌದು. ಒಬ್ಬಳೇ. ಈಗ ಡಿಗ್ರಿ ಎರಡನೇ ವರ್ಷ."

ಲೆಕ್ಕ ಹಾಕಿದೆ. ಅಂದರೆ ಆಗ ಅವಳಿಗೆ ಹತ್ತು ವರ್ಷ. ಕೌಂಟರನ್ನು ಜೊತೆಯವಳಿಗೆ ಬಿಟ್ಟು ಮೆಟ್ಟಿಲ ಬಳಿ ಹೋಗಿ ನಿಂತೆ. ಬಹರೈನಿನಲ್ಲಿ ನೆರೆಯವಳಾಗಿದ್ದೆ, ನಿನ್ನ ಉಮ್ಮ ಹೊಲಿದ ಬಟ್ಟೆಗಳ ಫೋಟೋ ತೆಗೆಯುತ್ತಿದ್ದೆ ಎಂದೆ. ಅವಳ ಸ್ವರ ಬದಲಾಯಿತು. ಐದರಿಂದ ಹತ್ತು ವರ್ಷದವರೆಗೆ ಅವಳು ಉಳ್ಳಾಲದಲ್ಲಿ ಅಜ್ಜಿಯ ಜೊತೆಗಿದ್ದಳಂತೆ. ಉಮ್ಮ ಎಂದರೆ ಆ ವರ್ಷಗಳಲ್ಲಿ ಫೋನು ಮಾತ್ರ. ಉಮ್ಮ ಅಲ್ಲಿ ಹೇಗಿದ್ದರು ಎಂದು ಕೇಳಿದಳು. ಎಲ್ಲಿ ಕೂತು ಹೊಲಿಯುತ್ತಿದ್ದರು, ಚಹಾಕ್ಕೆ ಸಕ್ಕರೆ ಎಷ್ಟು ಹಾಕುತ್ತಿದ್ದರು, ಕೆಲಸ ಮಾಡುವಾಗ ಮಾತಾಡುತ್ತಿದ್ದರಾ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಸಕ್ಕರೆ ಎರಡು ಚಮಚ.

"ನನ್ನ ವಿಷಯ ಎಂತ ಹೇಳ್ತಿದ್ರು?"

ದಿನಾ ಹೇಳುತ್ತಿದ್ದರು ಎನ್ನಬಹುದಿತ್ತು. ಆದರೆ ಅವಳು ಕೇಳಿದ್ದು ಏನು ಹೇಳುತ್ತಿದ್ದರು ಎಂದು. ನನ್ನ ಬಳಿ ಒಂದು ಮಾತೂ ಇರಲಿಲ್ಲ.

"ಹೇಳ್ಲಿಲ್ಲ ಮಗಾ. ನೀನು ಇದ್ದೀ ಅಂತಲೇ ನನಗೆ ಗೊತ್ತಿರ್ಲಿಲ್ಲ. ಆಗ ನನ್ನ ಮಗು ಹೋಗಿ ಸ್ವಲ್ಪ ದಿನ ಆಗಿತ್ತು. ಹೆಣ್ಣು ಮಗು. ಅದಕ್ಕೇ ನನ್ನೆದುರು ಅವರು..."

ಫೋನು ಕಟ್ಟಾಯಿತೇನೋ ಎಂದು ನೋಡಿದೆ. ಇಲ್ಲ.

"ನಿಮ್ಮದು ಎದುರು ಮನೆಯಾ?" ಎಂದು ಕೇಳಿದಳು.

"ಹೌದು."

"ಇಲ್ಲಿ ಸಂಜೆ ಆರಕ್ಕೆ ಉಮ್ಮ ಫೋನ್ ಮಾಡ್ತಿದ್ರು. ಮೊದಲು ಒಂದು ಗಂಟೆ ಮಾತಾಡ್ತಿದ್ರು. ಆಮೇಲೆ ಆರೂವರೆಗೆ ಸರಿಯಾಗಿ ಇಡ್ಲಿಕ್ಕೆ ಶುರು ಮಾಡಿದ್ರು. ಎದುರು ಮನೆಗೆ ಹೋಗ್ಲಿಕ್ಕೆ ಉಂಟು ಅಂತ. ನಾನು ಅಳ್ತಿದ್ದೆ. ಆ ಎದುರು ಮನೆ ಅಂದ್ರೆ ನನಗೆ ಅಷ್ಟು ಸಿಟ್ಟಿತ್ತು."

ಅಲ್ಲಿ ಆರೂವರೆಯಾದರೆ ಇಲ್ಲಿ ನಾಲ್ಕು.

ಅವಳೇ, "ನೀವು ಈಗ ಹೇಗಿದ್ದೀರಿ ಆಂಟಿ?" ಎಂದಳು. ಇದ್ದೇನೆ ಎಂದೆ.

ಸಂಜೆ ಗಂಡನನ್ನು ಕೇಳಿದೆ. ಅವರಿಗೆ ಗೊತ್ತಿತ್ತು. ಮಹಡಿಯ ಎಲ್ಲರಿಗೂ ಗೊತ್ತಿತ್ತಂತೆ. "ಅವಳೆದುರು ನನ್ನ ಮಗಳ ಹೆಸರು ಎತ್ತಬೇಡಿ ಅಂತ ಅವರೇ ಎಲ್ಲರಿಗೂ ಹೇಳಿದ್ದು" ಎಂದರು. ಆಮೇಲೆ ಟಿವಿಯ ಸದ್ದು ಸ್ವಲ್ಪ ಕಡಿಮೆ ಮಾಡಿದರು.

ಆವತ್ತೂ ನನಗೆ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಆದರೆ ದಿನಕ್ಕೆ ಅರ್ಧ ಗಂಟೆಯಂತೆ ಎಂಟು ತಿಂಗಳು ಒಂದು ಮಗುವಿನಿಂದ ಅದರ ತಾಯಿಯನ್ನು ನಾನು ಪಡೆದುಕೊಂಡಿದ್ದೆ ಎಂಬುದು ಈಗ ಗೊತ್ತಿದೆ. ನನಗೆ ಗೊತ್ತಿಲ್ಲದೆ ಪಡೆದೆ. ಅಕ್ಕ ಗೊತ್ತಿದ್ದೇ ಕೊಟ್ಟರು. ಇದನ್ನು ಅವರ ಹತ್ತಿರ ಮಾತಾಡಬೇಕಿತ್ತು, ಅವರಿಲ್ಲ.

ಮೊನ್ನೆ ಶುಕ್ರವಾರ ನಾನೇ ಆ ಹುಡುಗಿಗೆ ಫೋನ್ ಮಾಡಿದೆ. ಪರೀಕ್ಷೆಗೆ ಓದುತ್ತಿದ್ದಳು. "ಎಂತ ಆಂಟಿ?" ಎಂದಳು. ಸುಮ್ಮನೆ ಎಂದೆ. ಅವಳಿಗೂ ಮಾತು ಹೆಚ್ಚಿರಲಿಲ್ಲ, ನನಗೂ ಇರಲಿಲ್ಲ. ಅವಳು ಪುಟ ತಿರುಗಿಸುವ ಸದ್ದು ಕೇಳುತ್ತಿತ್ತು. ಇಡಲೇ ಎಂದು ನಾನು ಕೇಳಲಿಲ್ಲ, ಅವಳೂ ಇಡಲಿಲ್ಲ.