ಮೊಮ್ಮಗಳ ಕೆಲಸಕ್ಕೆ ಮನೆ ನೋಡಲು ಹೋದದ್ದು

ಮೊಮ್ಮಗಳನ್ನು ಮಷಿನ್ ಕೆಲಸಕ್ಕೆ ಹಚ್ಚಿದವಳು ನಾನು ಎಂದು ಓಣಿಯವರು ಇವತ್ತಿಗೂ ಹೇಳುತ್ತಾರೆ. ಸುಳ್ಳು. ಆರಿಸಿದವಳು ಅವಳೇ. ನಾನು ಬಸ್ಸು ಹತ್ತಿಸಿದೆ, ಆಮೇಲೆ ಅವರಪ್ಪ ಹಿಂದೆ ಸರಿಯದ ಹಾಗೆ ನೋಡಿಕೊಂಡೆ. ಅಷ್ಟೇ.

ಎರಡು ಸಾವಿರದ ಇಸವಿಗೆ ಒಂದೆರಡು ವರ್ಷ ಮುಂಚಿನ ಮಾತು. ಅವಳು ಹತ್ತನೇ ಇಯತ್ತೆ ಪಾಸಾದಳು. ಇಳಕಲ್ಲಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಒಮ್ಮೆಲೇ ಬುದ್ಧಿ ಬಂತು. ನನ್ನ ಮಗ, ಅಂದರೆ ಅವಳಪ್ಪ, ಟೀಚರ್ ಆಗಲಿ ಎಂದ. ಬಾದಾಮಿಗೆ ಕೊಟ್ಟ ಮಗಳು ಕಂಪ್ಯೂಟರ್ ಕಲಿಯಲಿ ಎಂದಳು. ಹುಡುಗಿಯನ್ನು ಕೇಳಿದರೆ ಜಡೆಯ ತುದಿ ಕಚ್ಚುತ್ತ ನಿಂತಳು.

"ಈ ವಾರದಾಗ ಹೇಳು," ಎಂದ ಮಗ. "ಇಲ್ಲಂದ್ರ ನಾ ಕಾಲೇಜಿಗೆ ಹಚ್ಚಾಂವನ. ಮುಂದ ಟೀಚರ್ ಆಗು."

ನಾನು ಎರಡನೇ ಇಯತ್ತೆಗೇ ಸಾಲಿ ಬಿಟ್ಟವಳು. ನೌಕರಿಗಳ ವಿಷಯ ನನಗೆ ತಿಳಿಯದು. ಹೆಣ್ಣು ಕೊಡುವ ಮೊದಲು ವರನ ಮನೆ ನೋಡಲು ಹೋಗುವುದು ಗೊತ್ತು. ಹೇಳದೆ ಹೋಗಬೇಕು. ಅವರ ಮನೆಯ ನೀರು ಕುಡಿಯಬೇಕು. ನೆರೆಯವರನ್ನು ವಿಚಾರಿಸಬೇಕು. ಗಂಡನಿಗೆ ಇಷ್ಟು ನೋಡುತ್ತೇವೆ, ಕೆಲಸಕ್ಕೆ ಯಾಕೆ ನೋಡಬಾರದು?

ಮೊದಲು ಹುನಗುಂದದ ಹತ್ತಿರದ ಒಂದು ಸಾಲಿಗೆ ಹೋದೆವು. ಗುರುತಿನ ಟೀಚರ್ ಅವಳನ್ನು ಮಕ್ಕಳ ನಡುವೆ ಕೂರಿಸಿಕೊಂಡಳು.

"ಹೆಂಗೈತವ್ವಾ?" ಎಂದು ಹೊರಗೆ ಬಂದ ಮೇಲೆ ಮೊಮ್ಮಗಳನ್ನು ಕೇಳಿದೆ.

"ಚಲೋ ಐತಿ," ಎಂದಳು, ನೆಲ ನೋಡುತ್ತ.

ಬಾದಾಮಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಎಲ್ಲರೂ ಗೋಡೆಗೆ ಮುಖ ಮಾಡಿ ಕೂತಿದ್ದರು, ಸಿಟ್ಟಾದ ಸೊಸೆಯರ ಹಾಗೆ. ಅಲ್ಲಿಯೂ "ಚಲೋ ಐತಿ", ಅಲ್ಲಿಯೂ ನೆಲ. ನೆಲ ನೋಡಿ ಚಲೋ ಎನ್ನುವ ಹುಡುಗಿಗೆ ಆ ಸಂಬಂಧ ಮಾಡಬಾರದು. ನಾನೂ ಹಾಗೆ ಹೇಳಿಯೇ ಮದುವೆಯಾದವಳು.

ಮೂರನೆಯದು ನನ್ನ ತಲೆಯಿಂದ ಬಂದದ್ದು. ನಮ್ಮ ಮನೆಯ ಪವರ್‌ಲೂಮ್ ಮಗ್ಗ ಕೆಟ್ಟು ನಿಂತರೆ ಈಕೆ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಅದನ್ನು ನೋಡಲು ಓಡುತ್ತಿದ್ದಳು. ರೊಟ್ಟಿ ಸುಟ್ಟ ವಾಸನೆ ಬಂತೆಂದರೆ ಮಗ್ಗ ನಿಂತಿದೆ ಎಂದೇ ಲೆಕ್ಕ. ಅದಕ್ಕೇ ಬಾಗಲಕೋಟೆಗೆ, ಮಷಿನ್ ಕೆಲಸ ಕಲಿಸುವ ಒಂದು ಐಟಿಐಗೆ ಕರೆದೊಯ್ದೆ.

ಎದುರಿನ ಚಹಾದಂಗಡಿಯವನನ್ನು ವಿಚಾರಿಸಿದೆ. "ಇಲ್ಲಿ ಹುಡುಗ್ಯಾರು ಕಲೀತಾರೇನಪಾ?"

"ಒಬ್ಬಾಕಿ ಅದಾಳ್ರಿ ಆಯಿ. ಬಾಯಿ ಭಾಳ ಜೋರು."

"ಹಂಗಾರ ಚಲೋ ಜಾಗಾನ."

ಒಳಗೆ ಮಾಸ್ತರರು ಲೇತ್ ಮಷಿನ್ನಿನಲ್ಲಿ ಸರಳು ಕೊರೆಯುತ್ತಿದ್ದರು. ಕಬ್ಬಿಣದ ಸಿಪ್ಪೆ ಗುಂಗುರು ಕೂದಲಿನ ಹಾಗೆ ಸುರುಳಿಯಾಗಿ ಬೀಳುತ್ತಿತ್ತು. ಹುಡುಗಿಯ ಬಾಯಿಂದ ಜಡೆ ಜಾರಿತು.

"ಸರ್, ಹಾಲಿನಂಥಾದು ಯಾಕ ಸುರೀತೀರಿ?"

"ಬಿಸಿ ಆಗತೈತಿ. ತಂಪ ಇರ್ಲಿ ಅಂತ."

"ಸುರೀಲಿಲ್ಲಂದ್ರ ಏನಾಗತೈತಿ?"

ಮಾಸ್ತರರು ನನ್ನ ಕಡೆ ತಿರುಗಿದರು. "ಆಯಿ, ಈಕಿ ನೋಡಾಕ ಬಂದಾಳೋ, ನನ್ನ ಪರೀಕ್ಷಾ ತಗೊಳ್ಳಾಕ ಬಂದಾಳೋ?"

ನಾನು ನೀರು ಕುಡಿದೆ. ನೀರೂ ಚಲೋ ಇತ್ತು. ತಿರುಗಿ ಬರುವಾಗ ಹೆಂಗೈತಿ ಎಂದು ಕೇಳಲಿಲ್ಲ. ಇಳಕಲ್ಲು ಬರುವ ತನಕ ಅವಳೇ ಬಾಯಿ ಮುಚ್ಚಲಿಲ್ಲ. ಕರವಸ್ತ್ರದಲ್ಲಿ ಒಂದು ಕಬ್ಬಿಣದ ಸುರುಳಿ ಕಟ್ಟಿಕೊಂಡು ಬಂದಿದ್ದಳು.

ಅದನ್ನು ಸಂಜೆ ಅಪ್ಪನ ಮುಂದೆ ಇಟ್ಟಳು. "ನಾ ಇದನ್ನ ಕಲೀತೇನಿ."

"ಕಬ್ಬಿಣ ಕೊರಿಯೋ ಹುಡುಗೀನ ಯಾರ್ ಮಾಡ್ಕೋತಾರ?" ಎಂದ ಮಗ.

"ಮಗ್ಗ ನಿಂತ್ರ ರಿಪೇರಿ ಮಾಡಾಂವ ಬರೂತನಕ ನೀ ಹೊಸ್ತಲದಾಗ ಕುಂದರ್ತಿ. ನಾ ಕಲ್ತ್ರ ಯಾಕ ಕುಂದರಬೇಕಪ್ಪಾ?"

ನಗು ಬಂದದ್ದನ್ನು ಮಗ ಮೀಸೆಯಲ್ಲೇ ಮುಚ್ಚಿದ. "ಆತು, ನೋಡೂಣು," ಎಂದ.

ಅವನ "ನೋಡೂಣು" ಎಂಥದ್ದೆಂದು ಹೆತ್ತ ನನಗೆ ಗೊತ್ತು. ನಾಲ್ಕು ಮಂದಿ ಕಿವಿ ಊದಿದರೆ ಅದು "ಬ್ಯಾಡ" ಆಗುತ್ತದೆ. ಆದರೆ ನಮ್ಮ ಓಣಿಯಲ್ಲಿ ಸಂಬಂಧ ಗಟ್ಟಿಯಾಯಿತೆಂದು ಸಕ್ಕರೆ ಹಂಚಿದ ಮೇಲೆ ಮಾತು ತಿರುಗಿಸುವವರಿಲ್ಲ.

ಮರುದಿನ ಬೆಳಿಗ್ಗೆ ಮಗ ಜಳಕಕ್ಕೆ ಹೋದದ್ದೇ ತಡ, ಸಕ್ಕರೆ ಡಬ್ಬಿ ಎತ್ತಿಕೊಂಡು ಓಣಿಗೆ ಇಳಿದೆ. "ಮೊಮ್ಮಗಳದು ಗಟ್ಟಿ ಆತು, ಬಾಯಿ ಸಿಹಿ ಮಾಡ್ಕೋರಿ," ಎಂದು ಮನೆಮನೆಗೂ ಕೊಟ್ಟೆ.

"ವರ ಯಾವೂರಾಂವ್ರಿ?"

"ವರ ಅಲ್ಲವಾ, ಕೆಲಸ. ಬಾಗಲಕೋಟ್ಯಾಗ ಮಷಿನ್ ಕಲಿಯಾಕ ಹೊಂಟಾಳ. ಅವರಪ್ಪ ಒಪ್ಯಾನ."

ಮಗ ತಲೆ ಒರೆಸಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ ಡಬ್ಬಿ ಖಾಲಿ. ಅವನಿಗೆ ಸಕ್ಕರೆ ಇಲ್ಲದ ಚಹಾ ಕೊಟ್ಟೆ.