ರಾಮಲಕ್ಷ್ಮಮ್ಮ ಬಿಚ್ಚಿ ಹಾಕಿದ ಚಾವಣಿ

ತಾಯಲೂರಿನಲ್ಲಿ ಬಾಗಿಲು, ತೊಟ್ಟಿಲು ಕೆತ್ತುತ್ತಿದ್ದ ವೆಂಕಟರಮಣಪ್ಪನಿಗೆ ರಾಮಲಕ್ಷ್ಮಮ್ಮ ಒಬ್ಬಳೇ ಮಗಳು. ಅವಳು ಉಳಿ ಮುಟ್ಟಿದರೆ ಸಾಕು, ಅಪ್ಪ ಕಿತ್ತುಕೊಳ್ಳುತ್ತಿದ್ದ. "ಹೆಣ್ಮಗೂಗೆ ಯಾಕಿದು? ಹೋಗು, ಹೊಟ್ಟು ಗುಡಿಸು." ಅವಳು ಹಲ್ಲು ಕಚ್ಚಿಕೊಂಡು ಗುಡಿಸುತ್ತಲೇ ಎಲ್ಲವನ್ನೂ ನೋಡಿ ಕಲಿತಳು. ಅಪ್ಪ ತೀರಿಕೊಂಡ ದಿನ ಉಳಿಗಳ ಚೀಲವನ್ನು ಯಾರನ್ನೂ ಕೇಳದೆ ಎತ್ತಿಟ್ಟುಕೊಂಡಳು. ಐವತ್ತರ ಹತ್ತಿರ ಬಂದರೂ ವೇಮಗಲ್‌ನ ಮರದ ಪೆಟ್ಟಿಗೆ ಕಾರ್ಖಾನೆಯಲ್ಲಿ ಅವಳಿಗೆ ಸಿಕ್ಕಿದ್ದು ಮತ್ತೆ ಗುಡಿಸುವ ಕೆಲಸವೇ.

ಕಳೆದ ವರ್ಷ ಪರಿಸರ ದಿನ ಹತ್ತಿರ ಬಂದಾಗ ಮಾಲೀಕರು ಎಲ್ಲರನ್ನೂ ಕರೆದು, ಹಕ್ಕಿಗಳಿಗೆ ಕಾಳಿಡುವ ಗೂಡನ್ನು ಚೂರು ಮರದಲ್ಲಿ ಚೆಂದವಾಗಿ ಮಾಡಿದವರಿಗೆ ಸನ್ಮಾನ ಎಂದರು. ರಾಮಲಕ್ಷ್ಮಮ್ಮ ಊಟದ ಬಿಡುವಿನಲ್ಲಿ ಕೂತಳು. ಗೂಡು ಎರಡೇ ದಿನಕ್ಕೆ ಮುಗಿಯಿತು, ಚಾವಣಿಗೆ ಹದಿನೆಂಟು ದಿನ ಹಿಡಿಯಿತು. ಎರಡು ಅಂತಸ್ತು, ಮೀನಿನ ಪೊರೆಯಂತೆ ಒಂದರ ಮೇಲೊಂದು ಕೂತ ಹೆಬ್ಬೆಟ್ಟಿನಗಲದ ಹಲಗೆಗಳು, ಅಂಚಿಗೆ ತಾವರೆ ಎಸಳು, ತುದಿಗೊಂದು ಪುಟ್ಟ ಕಲಶ. ಒಂದು ಕಬ್ಬಿಣದ ಮೊಳೆಯೂ ಇಲ್ಲ, ಪೂರ್ತಿ ಬಿದಿರಿನ ಬೆಣೆ. ಮೇಲ್ವಿಚಾರಕ ಕದಿರೇಶ್ ದಿನಾ ಬಂದು ನೋಡಿ, "ಸೂಪರ್ ಅಕ್ಕಾ" ಎಂದು ಹೋಗುತ್ತಿದ್ದ.

ಸಮಾರಂಭದ ಬೆಳಿಗ್ಗೆ ವೇದಿಕೆಯ ಮೇಜಿನ ಮೇಲಿದ್ದದ್ದು ಅವಳ ಗೂಡು, ಮೈಕಿನಲ್ಲಿ ಕೂಗಿದ್ದು ಕದಿರೇಶನ ಹೆಸರು. ಅವನು ಎದ್ದ. ಶರ್ಟು ಸರಿಮಾಡಿಕೊಂಡು ವೇದಿಕೆ ಹತ್ತಿದ.

ರಾಮಲಕ್ಷ್ಮಮ್ಮನ ಕಿವಿ ಕಾದವು. "ಅದು ನಾನ್ ಮಾಡಿದ್ದು!" ಎಂದು ಹಿಂದಿನಿಂದ ಕೂಗಿದಳು.

ಯಾರೋ ನಕ್ಕರು. ಕದಿರೇಶ್ ಮೈಕಿಗೇ ಹೇಳಿದ: "ಅಕ್ಕ ಪಾಪ, ಚೂರುಗಳನ್ನ ಆರಿಸಿಕೊಟ್ರು."

ಆ "ಪಾಪ" ಅವಳನ್ನು ಎಬ್ಬಿಸಿತು. ಕುರ್ಚಿಗಳ ನಡುವೆ ನುಗ್ಗಿ ವೇದಿಕೆ ಹತ್ತಿದಳು. ಮೇಜಿನ ಮೇಲಿದ್ದ ಚಾವಣಿಯ ಒಳಗೆ ಕೈ ಹಾಕಿ ಒಂದು ಬೆಣೆ ಕಿತ್ತಳು, ಆಮೇಲೆ ಇನ್ನೊಂದು. ಮಾಲೀಕರು "ಏಯ್, ಏಯ್" ಎನ್ನುವಷ್ಟರಲ್ಲಿ ಕಲಶ, ಅಂತಸ್ತು, ಎಸಳು ಎಲ್ಲ ಬಿಡಿಬಿಡಿಯಾಗಿ ಮೇಜಿನ ಮೇಲೆ ಹರಡಿದ್ದವು.

"ಏಮಯ್ಯಾ ಕದಿರೇಶಾ, ನಿನ್ ಕೆಲಸ ಅಲ್ವಾ? ಜೋಡ್ಸು."

ಅವನು ಎರಡು ತುಂಡು ಎತ್ತಿದ, ತಿರುಗಿಸಿದ, ಒತ್ತಿದ. ಕೂರಲಿಲ್ಲ. ಬೆವರು ಒರೆಸಿಕೊಂಡ.

"ಸರಿ ಬಿಡು" ಎಂದು ಅವಳು ಅವನನ್ನು ಪಕ್ಕಕ್ಕೆ ಸರಿಸಿದಳು. ಅಷ್ಟು ಕೋಪದಲ್ಲೂ ಒಂದು ತುಂಡೂ ತಪ್ಪು ಜಾಗಕ್ಕೆ ಹೋಗಲಿಲ್ಲ. ಮಾಲೀಕರ ಮುಂದಿದ್ದ ಚಹಾ ಆರುವುದರೊಳಗೆ ಚಾವಣಿ ಎದ್ದು ನಿಂತಿತು.

ಮಾಲೀಕರು ಗಡಿಬಿಡಿಯಿಂದ ಶಾಲು ಬಿಚ್ಚಿದರು. ಅವಳು ಹೊದೆಯಲಿಲ್ಲ. "ಶಾಲು ಬೇಡ ಸಾರ್. ನಾಳೆಯಿಂದ ಮರಗೆಲಸದ ಶೆಡ್ಡಲ್ಲಿ ಜಾಗ ಕೊಡಿ."

ಅಷ್ಟು ಜನರೆದುರು ಅವರಿಗೆ ಇಲ್ಲವೆನ್ನಲಾಗಲಿಲ್ಲ.

ಸೋಮವಾರ ಕದಿರೇಶ್ ಶೆಡ್ಡಿಗೆ ಬಂದ. "ತಪ್ಪಾಯ್ತಕ್ಕಾ. ಮಾಲೀಕ್ರೇ ನನ್ ಹೆಸರು ಬರ್ಕೊಂಡ್‌ಬಿಟ್ಟಿದ್ರು."

"ಬರ್ಕೊಂಡೋರು ಅವ್ರು. ಎದ್ ಹೋದೋನು ಯಾರು?"

ಕ್ಷಮಿಸಿದೆ ಎನ್ನಲು ಅವಳಿಗೆ ಮನಸ್ಸು ಬರಲಿಲ್ಲ, ಬರಿಸಿಕೊಳ್ಳಲೂ ಇಲ್ಲ. ಹಲಗೆಯ ಮೇಲೆ ಸೀಸದಕಡ್ಡಿಯಿಂದ ಗೆರೆ ಎಳೆದು, "ಬೆಳಕಿಗೆ ಅಡ್ಡ ನಿಂತಿದ್ದೀಯ, ಸರ್ಕೋ" ಎಂದಳು.