ಬೆಲ್ಲ, ನೀರು, ನಾಲ್ಕೂವರೆಯ ಗೇಟು

ಪಣಂಬೂರು ಬಂದರಿಗೆ ಬಂದಿಳಿದ ಸರಕು ನಮಗೆ ಕಾಣುವುದು ಬಿ.ಸಿ.ರೋಡಿನ ಹೆದ್ದಾರಿಯ ಲಾರಿ, ಟ್ಯಾಂಕರುಗಳಲ್ಲಿ ಮಾತ್ರ. ಪ್ರವಾಸಿ ಹಡಗು ಬಂದ ದಿನ ಬೇರೆ. ಆ ದಿನ ಪರದೇಶದವರು ಬಸ್ಸು ಹತ್ತಿ ನಮ್ಮ ಮೂಡುಬಿದಿರೆಗೆ ಬಂದು, ಬಸದಿಯ ಕಂಬ ನೋಡಿ, ಗೇರುಬೀಜ ಕೊಂಡು ಸಂಜೆಯೊಳಗೆ ವಾಪಸು. ಕಾನ್ವೆಂಟ್ ಇಂಗ್ಲಿಷಿನ ರಿಟೈರ್ಡ್ ಟೀಚರ್ ಎಂದು, ಅವರಿಗೆ ಊರಿನ ಕ್ರಮ ವಿವರಿಸಲು ಗೈಡ್ ನನ್ನನ್ನೂ ಕರೆಯುತ್ತಾನೆ.

ಕಳೆದ ಸೀಸನ್ನಿನಲ್ಲಿ ಅವರಲ್ಲೊಬ್ಬರು ಕಾಣೆಯಾದರು. ನನ್ನದೇ ಪ್ರಾಯದ ಹೆಂಗಸು, ತಲೆಗೆ ನೀಲಿ ಹ್ಯಾಟ್. ನಾಲ್ಕೂವರೆಯೊಳಗೆ ಬಂದರಿನ ಗೇಟು ದಾಟದಿದ್ದರೆ ಹಡಗು ಅವರನ್ನು ಬಿಟ್ಟು ಕೊಚ್ಚಿಗೆ ಹೊರಡುತ್ತದೆ. ಗೈಡ್ ಕಾಲು ಗಂಟೆ ಕಾದು, ಉಳಿದವರೊಂದಿಗೆ ಹೊರಟ. "ಟೀಚರೇ, ಒಂದು ಟ್ಯಾಕ್ಸಿ ನಿಲ್ಲಿಸಿದ್ದೇನೆ. ಹೇಗಾದರೂ ಹುಡುಕಿ ಕರ್ಕೊಂಡು ಬನ್ನಿ ಮಾರಾಯ್ರೆ."

ಬಸದಿಯ ಹಿಂದಿನ ಓಣಿಯಲ್ಲಿ, ಮಲ್ಲಿಗೆ ಕಟ್ಟುವ ಹೆಂಗಸಿನ ಜಗಲಿಯಲ್ಲಿ ಹ್ಯಾಟ್ ಕಂಡಿತು. ಹೂ ಕಟ್ಟುವುದನ್ನು ನೋಡಲು ನಿಂತಿದ್ದರಂತೆ. ಜಗಲಿ ಹತ್ತಿದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಕ್ರಮ. ಅದು ಮುಗಿದು, ಒಳಗೆ ಒಲೆಯ ಮೇಲೆ ದೋಸೆ ಕಾವಲಿ ಕಾಯುತ್ತಿತ್ತು.

"ಇವರ ಹಡಗು ಹೋಗ್ತದೆ, ಬಿಡಿ," ಎಂದೆ.

"ಎರಡು ನೀರುದೋಸೆಗೆ ಎಷ್ಟು ಹೊತ್ತು ಟೀಚರೇ? ಬರೀ ನೀರು ಕುಡಿಸಿ ಕಳಿಸ್ಲಿಕ್ಕೆ ನನ್ನ ಮನೆ ಏನು ಬಸ್ ಸ್ಟ್ಯಾಂಡಾ?"

"ಹಡಗು ಸರ್ವಿಸ್ ಬಸ್ಸಲ್ಲ, ಹಿಂದಿನಿಂದ ಇನ್ನೊಂದು ಬರ್ಲಿಕ್ಕೆ."

"ನೀವೂ ಕೂತ್ಕೊಳ್ಳಿ. ನಿಮಗೂ ಉಂಟು."

ಎದ್ದು ಹೋದರೆ ರೂಡ್ ಆಗುವುದಿಲ್ಲವೇ ಎಂದು ಹ್ಯಾಟಿನವರು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ಈ ಊರಿನಲ್ಲಿ ಕೊಟ್ಟದ್ದನ್ನು ಬೇಡ ಎನ್ನಬಾರದೆಂದು ಬೆಳಿಗ್ಗೆ ಲೆಕ್ಚರ್ ಕೊಟ್ಟವಳು ನಾನೇ. ಕೊನೆಗೆ ದೋಸೆಯನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಟ್ಯಾಕ್ಸಿ ಹತ್ತಿದೆವು. ದಾರಿಯುದ್ದಕ್ಕೂ ಅವರು ಆ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ವಾಚ್ ನೋಡುತ್ತಿದ್ದರು.

ಗೇಟು ಮುಟ್ಟಿದಾಗ ಐದು ನಿಮಿಷ ಉಳಿದಿತ್ತು. ಹಡಗಿನೊಳಗೆ ಹೊರಗಿನ ಅಡುಗೆ ಬಿಡುವುದಿಲ್ಲವಂತೆ. ಅವರು ಅಲ್ಲೇ ನಿಂತು ಕಟ್ಟು ಬಿಚ್ಚಿದರು. ಎರಡೂ ದೋಸೆಯನ್ನು ಕಾಯಿಬೆಲ್ಲದ ಸಮೇತ ತಿಂದು, ಎಲೆಯನ್ನು ನನ್ನ ಕೈಗೆ ಕೊಟ್ಟು, ನಮ್ಮ ಪ್ರಾಯದವರು ಎಷ್ಟು ಓಡಬಹುದೋ ಅಷ್ಟು ಓಡಿದರು. ನನ್ನ ಬಳಿ ಪಾಸ್ ಇರಲಿಲ್ಲ. ಕಾಂಪೌಂಡಿನ ಮೇಲೆ ಹಡಗಿನ ಮೂರು ಬಿಳಿ ಅಂತಸ್ತು ಕಂಡವು. ಇಷ್ಟು ವರ್ಷ ಇದೇ ಜಿಲ್ಲೆಯಲ್ಲಿದ್ದು ಬಂದರನ್ನು ನಾನು ನೋಡಿರುವುದು ಅಷ್ಟೇ.

ವಾಪಸು ಬರುವಾಗ ಹೂವಿನವಳ ಫೋನ್ ಬಂತು. ಹಡಗಿನ ಸುದ್ದಿ ಅವಳು ಕೇಳಲಿಲ್ಲ.

"ತಿಂದ್ರಾ?"

"ಎರಡೂ," ಎಂದೆ.